ಕೋಟಿ ಕೇಸು, 900 ಸಾವು: ಬೆಂಗಳೂರಿನ ಟ್ರಾಫಿಕ್ ದಂಡದ ಒಂದು ಪ್ರಕರಣ ಅಧ್ಯಯನ

2022ರಲ್ಲಿ ಬೆಂಗಳೂರು ಸಂಚಾರ ಪೊಲೀಸರು ಹಾಕಿದ ಕೇಸುಗಳು 1 ಕೋಟಿ ದಾಟಿದವು. ನಗರದಲ್ಲಿ ನೋಂದಣಿಯಾದ ಗಾಡಿಗಳೂ ಆಗ ಹೆಚ್ಚುಕಡಿಮೆ ಅಷ್ಟೇ ಇದ್ದವು. ಲೆಕ್ಕಕ್ಕೆ ಗಾಡಿಗೊಂದು ಕೇಸು ಬಿದ್ದಂತಾಯಿತು. ಮರುವರ್ಷ ಕೇಸುಗಳು 90 ಲಕ್ಷದ ಹತ್ತಿರ ಇದ್ದವು. ಆ ವರ್ಷವೇ ನಗರದ ರಸ್ತೆಗಳಲ್ಲಿ ಸತ್ತವರ ಸಂಖ್ಯೆ 900 ದಾಟಿತು. ದೇಶದ ದೊಡ್ಡ ನಗರಗಳಲ್ಲಿ ದೆಹಲಿ ಬಿಟ್ಟರೆ ಅತಿ ಹೆಚ್ಚು ಸಾವು ಇಲ್ಲೇ. 2024ರಲ್ಲಿ ಸ್ವಲ್ಪ ಇಳಿಯಿತು, ಆದರೂ 890ರ ಆಸುಪಾಸಿನಲ್ಲೇ ನಿಂತಿತು.

ಇಷ್ಟು ದಂಡ ಹಾಕಿದರೂ ಜನ ಯಾಕೆ ಸಾಯುತ್ತಿದ್ದಾರೆ? ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಒಂದು, ಜನಕ್ಕೆ ಶಿಸ್ತಿಲ್ಲ, ಎಷ್ಟು ದಂಡ ಹಾಕಿದರೂ ಅಷ್ಟೇ. ಇನ್ನೊಂದು, ಪೊಲೀಸರಿಗೆ ಬೇಕಿರೋದು ದುಡ್ಡು, ಸುರಕ್ಷತೆ ಸುಮ್ನೆ ನೆಪ. ಎರಡನ್ನೂ ನಾನು ಒಪ್ಪುವುದಿಲ್ಲ. ಪೊಲೀಸರು ಮನಸ್ಸು ಮಾಡಿದರೆ ರಸ್ತೆ ಸಾವು ಇಳಿಯುತ್ತದೆ. ಅದಕ್ಕೆ ಪುರಾವೆ ಬೆಂಗಳೂರಿನ ಪಕ್ಕದಲ್ಲೇ ಇದೆ, ಅದನ್ನು ಮುಂದೆ ನೋಡೋಣ. ಆದರೆ ಪೊಲೀಸರು ಯಾವ ತಪ್ಪನ್ನು, ಎಲ್ಲಿ, ಯಾವ ಹೊತ್ತಿನಲ್ಲಿ ಹಿಡಿಯುತ್ತಾರೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. 2022ರಿಂದ 2024ರವರೆಗಿನ ಬೆಂಗಳೂರು ಸುಲಭವಾಗಿ ಫೋಟೋ ಸಿಗುವ ತಪ್ಪುಗಳನ್ನು ಹಿಡಿಯಿತು. ಜನರನ್ನು ಕೊಲ್ಲುವ ತಪ್ಪುಗಳು ಬೇರೆ ಕಡೆ, ಬೇರೆ ಹೊತ್ತಿನಲ್ಲಿ ನಡೆಯುತ್ತಲೇ ಇದ್ದವು.

ಅಂಕಿಗಳ ಬಗ್ಗೆ ಮೊದಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. 2020 ಮತ್ತು 2021ರಲ್ಲಿ ನಗರದಲ್ಲಿ ಸತ್ತವರು ವರ್ಷಕ್ಕೆ 650ರ ಆಸುಪಾಸು. ಅದು ಲಾಕ್‌ಡೌನ್ ಕಾಲ. ಅದರ ಜೊತೆ 2023ನ್ನು ಹೋಲಿಸಿ 'ಸಾವು ಶೇ 40ರಷ್ಟು ಏರಿತು' ಅನ್ನುವುದು ಸರಿಯಲ್ಲ. ಹೋಲಿಸಬೇಕಾದ ವರ್ಷ 2019. ಆಗ ಸುಮಾರು 770 ಜನ ಸತ್ತಿದ್ದರು. ಅಲ್ಲಿಂದ ಲೆಕ್ಕ ಹಾಕಿದರೆ ಏರಿಕೆ ಶೇ 20ರ ಹತ್ತಿರ. ಈ ನಡುವೆ ಗಾಡಿಗಳೂ ಜಾಸ್ತಿಯಾದವು. ಆದ್ದರಿಂದ ಗಾಡಿಗೆ ಇಷ್ಟು ಸಾವು ಎಂದು ಲೆಕ್ಕ ಹಾಕುವವರು ಪರಿಸ್ಥಿತಿ ಕೆಟ್ಟಿಲ್ಲ ಎಂದು ವಾದಿಸಬಹುದು. ನನಗೆ ಆ ವಾದದಲ್ಲಿ ಸಮಾಧಾನವಿಲ್ಲ. 2007ರಲ್ಲೂ ಈ ನಗರದಲ್ಲಿ ಸಾವು 900 ದಾಟಿತ್ತು. 2017ರ ಹೊತ್ತಿಗೆ ಅದು 640ರ ಆಸುಪಾಸಿಗೆ ಇಳಿದಿತ್ತು. ಆ 10 ವರ್ಷಗಳಲ್ಲಿ ಗಾಡಿಗಳು ದುಪ್ಪಟ್ಟಾಗಿದ್ದವು, ಆದರೂ ಸಾವು ಇಳಿದಿತ್ತು. ಹಾಗಾಗಿ ಗಾಡಿ ಜಾಸ್ತಿಯಾದ ಮಾತ್ರಕ್ಕೆ ಸಾವು ಜಾಸ್ತಿಯಾಗಲೇಬೇಕು ಅಂತೇನಿಲ್ಲ.

ರಸ್ತೆಬದಿಯಿಂದ ಕ್ಯಾಮೆರಾಗೆ

ಬೆಂಗಳೂರಿನ ಗಾಡಿ ಓಡಿಸುವವರಿಗೆ ಹಳೆಯ ಪದ್ಧತಿ ಚೆನ್ನಾಗಿ ಗೊತ್ತು. ತಿರುವು ದಾಟಿದ ತಕ್ಷಣ, ಮರದ ಮರೆಯಲ್ಲಿ, ಬಿಳಿ ಅಂಗಿಯ ನಾಲ್ಕೈದು ಜನ. ಒಬ್ಬರು ಕೈ ಅಡ್ಡ ಹಿಡಿದು 'ಸೈಡಿಗೆ ಹಾಕಿ' ಅನ್ನುತ್ತಾರೆ, ಇನ್ನೊಬ್ಬರು ಕೀ ತೆಗೆದುಕೊಳ್ಳುತ್ತಾರೆ. ಡಿಎಲ್ ತೋರ್ಸಿ, ಆರ್‌ಸಿ ತೋರ್ಸಿ, ಇನ್ಶೂರೆನ್ಸ್, ಎಮಿಷನ್. ಎಲ್ಲ ಸರಿ ಇದ್ದರೆ ಹಳೆ ಕೇಸು ಇದೆಯಾ ಅಂತ ಕೈಯಲ್ಲಿರುವ ಯಂತ್ರದಲ್ಲಿ ನೋಡುತ್ತಾರೆ. ಹಿಂದೆ ಅರ್ಧ ಕಿಲೋಮೀಟರ್ ಟ್ರಾಫಿಕ್ ಜಾಮ್.

2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಇದಕ್ಕೆ ತಡೆ ಹಾಕಿದರು. ಕಣ್ಣಿಗೆ ಕಾಣುವ ನಿಯಮ ಉಲ್ಲಂಘನೆ ಇಲ್ಲದಿದ್ದರೆ, ಬರೀ ದಾಖಲೆ ನೋಡಲು ಯಾವ ಗಾಡಿಯನ್ನೂ ನಿಲ್ಲಿಸಬಾರದು ಎಂದು ಸ್ಪಷ್ಟವಾಗಿ ಹೇಳಿದರು. ಕುಡಿದು ಓಡಿಸುವವರ ತಪಾಸಣೆಗೆ ಮಾತ್ರ ವಿನಾಯಿತಿ ಕೊಟ್ಟರು. ಜನ ಖುಷಿಪಟ್ಟರು. ಲಂಚದ ದೂರು, ರಸ್ತೆ ಮೇಲಿನ ಜಗಳ ಎರಡಕ್ಕೂ ಈ ಆದೇಶ ಕಡಿವಾಣ ಹಾಕಿತು.

ನನ್ನ ಪ್ರಕಾರ ಆ ಆದೇಶ ಸುರಕ್ಷತೆಯ ದೃಷ್ಟಿಯಿಂದಲೂ ಸರಿಯಾಗಿಯೇ ಇತ್ತು. ಎಮಿಷನ್ ಸರ್ಟಿಫಿಕೇಟ್ ತಾರೀಕು ಮುಗಿದಿದ್ದರಿಂದ ಯಾರೂ ಸಾಯುವುದಿಲ್ಲ. ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಫಯೆಟ್‌ವಿಲ್ ಎಂಬ ಊರಿನಲ್ಲಿ ಇದರ ಒಂದು ಪ್ರಯೋಗವೇ ನಡೆದಿದೆ. 2013ರಲ್ಲಿ ಅಲ್ಲಿಗೆ ಬಂದ ಪೊಲೀಸ್ ಮುಖ್ಯಸ್ಥ ಹೆರಾಲ್ಡ್ ಮೆಡ್ಲಾಕ್ ತಮ್ಮ ಸಿಬ್ಬಂದಿಗೆ ಒಂದು ದಿಕ್ಕು ಕೊಟ್ಟರು. ಲೈಟ್ ಒಡೆದಿದೆ, ನೋಂದಣಿ ಮುಗಿದಿದೆ ಅಂತ ಕಾರು ನಿಲ್ಲಿಸುವುದನ್ನು ಕಡಿಮೆ ಮಾಡಿ, ವೇಗ, ಸಿಗ್ನಲ್ ಜಂಪ್, ಕುಡಿತ ಇವುಗಳಿಗೆ ನಿಲ್ಲಿಸಿ ಎಂದರು. ನಂತರ ಸಂಶೋಧಕರು ಅದೇ ರಾಜ್ಯದ ಬೇರೆ ಊರುಗಳ ಜೊತೆ ಹೋಲಿಸಿ ನೋಡಿದಾಗ ಒಟ್ಟು ಅಪಘಾತಗಳು ಶೇ 13ರಷ್ಟು ಕಡಿಮೆಯಾಗಿದ್ದವು. ಸಾವು ಶೇ 28ರಷ್ಟು ಕಡಿಮೆ ಅನ್ನುವ ಅಂದಾಜೂ ಬಂತು. ಆದರೆ ಊರು ಸಣ್ಣದು, ಸಾವಿನ ಸಂಖ್ಯೆಯೂ ಸಣ್ಣದು. ಆ ಎರಡನೇ ಅಂಕಿಯ ಮೇಲೆ ಜಾಸ್ತಿ ಭಾರ ಹಾಕುವಂತಿಲ್ಲ. ದಾಖಲೆ ನೋಡುವ ಕೈಯನ್ನು ವೇಗ ಹಿಡಿಯುವ ಕಡೆ ತಿರುಗಿಸಿದರು ಅನ್ನುವುದು ಇಲ್ಲಿ ಮುಖ್ಯ.

ಬೆಂಗಳೂರಿನಲ್ಲಿ ಆ ಕೈ ಎತ್ತ ತಿರುಗಿತು? ಕ್ಯಾಮೆರಾ ಕಡೆ. 2022ರ ಡಿಸೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಐಟಿಎಂಎಸ್ ಎಂಬ, ಕ್ಯಾಮೆರಾದಿಂದಲೇ ಸಂಚಾರ ತಪ್ಪು ಹಿಡಿಯುವ ವ್ಯವಸ್ಥೆಗೆ ಚಾಲನೆ ಕೊಟ್ಟರು. 50 ಜಂಕ್ಷನ್, ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಕೆಂಪು ದೀಪ ದಾಟಿದವರನ್ನು ಹಿಡಿಯುವ 80 ಕ್ಯಾಮೆರಾ. ಸಿಗ್ನಲ್ ಜಂಪ್, ಸ್ಟಾಪ್ ಲೈನ್, ಹೆಲ್ಮೆಟ್ ಇಲ್ಲದಿರುವುದು, ತ್ರಿಬಲ್ ರೈಡಿಂಗ್, ಸೀಟ್ ಬೆಲ್ಟ್, ಓಡಿಸುತ್ತಾ ಮೊಬೈಲ್, ಅತಿ ವೇಗ, ಎಲ್ಲವನ್ನೂ ಯಂತ್ರವೇ ನೋಡುತ್ತದೆ. ಚಲನ್ ಎಸ್‌ಎಂಎಸ್‌ನಲ್ಲಿ ಬರುತ್ತದೆ. ಇದರ ಜೊತೆ ಪೊಲೀಸರು ತಮ್ಮ ಮೊಬೈಲ್‌ನಲ್ಲಿ ತೆಗೆದ ಫೋಟೋ ಕೇಸುಗಳೂ ಸೇರುತ್ತವೆ. ಕೇಸುಗಳ ಬಹುಪಾಲು ಹೀಗೆ ಗಾಡಿ ನಿಲ್ಲಿಸದೆ, ಓಡಿಸುವವನ ಮುಖ ನೋಡದೆ ದಾಖಲಾದವು.

ಇದರಲ್ಲಿ ಒಳ್ಳೆಯದು ತುಂಬಾ ಇದೆ. ಕ್ಯಾಮೆರಾ ಲಂಚ ಕೇಳುವುದಿಲ್ಲ. 'ನಾನು ಯಾರ ಕಡೆಯವನು ಗೊತ್ತಾ' ಅನ್ನುವ ಮಾತು ಅದಕ್ಕೆ ಕೇಳಿಸುವುದಿಲ್ಲ. ಹೊಗೆ ಕುಡಿಯುತ್ತ ದಿನಕ್ಕೆ 8 ಗಂಟೆ ಜಂಕ್ಷನ್‌ನಲ್ಲಿ ನಿಲ್ಲುವ ಕಾನ್‌ಸ್ಟೆಬಲ್‌ಗೆ ಜಗಳದ ಒಂದು ಹೊರೆ ಇಳಿಯುತ್ತದೆ. ನಾನು ಕ್ಯಾಮೆರಾಗಳ ವಿರೋಧಿಯಲ್ಲ. ಅವು ಎಲ್ಲಿ ನಿಂತಿವೆ, ಏನನ್ನು ನೋಡುತ್ತಿವೆ ಅನ್ನುವುದು ನನ್ನ ತಕರಾರು.

ಕಂಬದ ಕೆಳಗೆ ನಿಂತು ನೋಡಿದರೆ

ಕ್ಯಾಮೆರಾ ಇರುವ ಯಾವುದಾದರೂ ಜಂಕ್ಷನ್‌ನಲ್ಲಿ ಸಂಜೆ ಅರ್ಧ ಗಂಟೆ ನಿಂತು ನೋಡಿ. ಸಿಗ್ನಲ್‌ಗೆ ನೂರಡಿ ದೂರ ಇರುವಾಗ ಸ್ಕೂಟರಿನವನು ಮೊಣಕೈಗೆ ಸಿಕ್ಕಿಸಿಕೊಂಡ ಹೆಲ್ಮೆಟ್ ತೆಗೆದು ತಲೆಗೆ ಇಡುತ್ತಾನೆ. ಪಟ್ಟಿ ಕಟ್ಟುವುದಿಲ್ಲ. ಅದು ಕಿವಿಯ ಪಕ್ಕ ಜೋತಾಡುತ್ತಲೇ ಇರುತ್ತದೆ. ಹೆಲ್ಮೆಟ್ ಕೂಡ ಅರ್ಧ ಹೆಲ್ಮೆಟ್, ಕಿವಿಯ ಮೇಲಕ್ಕೇ ಮುಗಿಯುವಂಥದ್ದು. ಒಳಗೆ ಥರ್ಮೋಕೋಲ್ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಸ್ಟಾಪ್ ಲೈನ್ ಹಿಂದೆ ನೀಟಾಗಿ ನಿಲ್ಲುತ್ತಾನೆ. ಹಸಿರು ಬಿದ್ದು ಮುಂದಿನ ಬ್ಲಾಕ್ ದಾಟುವಷ್ಟರಲ್ಲಿ ಹೆಲ್ಮೆಟ್ ಮತ್ತೆ ಮೊಣಕೈಗೆ. ಪಕ್ಕದ ಕಾರಿನವರು ಸೀಟ್ ಬೆಲ್ಟ್ ಎಳೆದು ಎದೆ ಮೇಲೆ ಹಿಡಿದುಕೊಂಡಿರುತ್ತಾರೆ, ಕೆಳಗೆ ಸಿಕ್ಕಿಸಿರುವುದಿಲ್ಲ.

ಕ್ಯಾಮೆರಾದ ಕಣ್ಣಿಗೆ ಈ ಇಬ್ಬರೂ ನಿಯಮ ಪಾಲಿಸಿದವರು. ಬಿದ್ದಾಗ ಮಾತ್ರ ನಿಜ ಗೊತ್ತಾಗುತ್ತದೆ. ಒಳ್ಳೆಯ ಹೆಲ್ಮೆಟ್ ಸರಿಯಾಗಿ ಹಾಕಿದರೆ ಸಾಯುವ ಅಪಾಯ ಸುಮಾರು ಶೇ 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯ ಶೇ 69ರಷ್ಟು ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಕಾಕ್ರೇನ್ ವಿಮರ್ಶೆ ಹೇಳುತ್ತದೆ. ಪಟ್ಟಿ ಕಟ್ಟದ ಹೆಲ್ಮೆಟ್ ಮೊದಲ ಪೆಟ್ಟಿಗೇ ಹಾರಿ ಹೋಗುತ್ತದೆ, ತಲೆ ಎರಡನೇ ಸಲ ಡಾಂಬರಿಗೆ ಬಡಿಯುವಾಗ ಅದು ಹತ್ತಡಿ ದೂರ ಬಿದ್ದಿರುತ್ತದೆ. ಕೈ ಅಡ್ಡ ಹಾಕಿ ನಿಲ್ಲಿಸುವ ಪೊಲೀಸಿನವನು 'ಪಟ್ಟಿ ಕಟ್ಟಪ್ಪಾ' ಅನ್ನಬಲ್ಲ. ಕಂಬದ ಮೇಲಿನ ಕ್ಯಾಮೆರಾಗೆ ಅದು ಆಗುವುದಿಲ್ಲ. ನಗರದ ಗಾಡಿಗಳಲ್ಲಿ ಮೂರರಲ್ಲಿ ಎರಡು ಪಾಲು ದ್ವಿಚಕ್ರ ವಾಹನಗಳೇ ಆಗಿರುವಾಗ ಇದನ್ನು ಸಣ್ಣ ವಿಷಯ ಎಂದು ಬಿಡುವಂತಿಲ್ಲ.

ಹೆಲ್ಮೆಟ್ ಕೇಸಿನ ಬಗ್ಗೆ ಇನ್ನೊಂದು ಮಾತು. ಹೆಲ್ಮೆಟ್ ಜೀವ ಉಳಿಸುತ್ತದೆ, ಆದರೆ ಅಪಘಾತವನ್ನು ತಡೆಯುವುದಿಲ್ಲ. ಹಿಂದಿನಿಂದ ಬಂದ ಟಿಪ್ಪರ್ ಗುದ್ದುವುದನ್ನು ತಪ್ಪಿಸುವುದಿಲ್ಲ. ರಸ್ತೆ ದಾಟುತ್ತಿದ್ದ ಅಜ್ಜಿಗೆ ಸವಾರನ ಹೆಲ್ಮೆಟ್‌ನಿಂದ ಏನೂ ಪ್ರಯೋಜನವಿಲ್ಲ. ಬೆಂಗಳೂರಿನಲ್ಲಿ ಸಾಯುವವರಲ್ಲಿ ಪಾದಚಾರಿಗಳ ಪಾಲು ತುಂಬಾ ದೊಡ್ಡದು. ಕೇಸುಗಳ ರಾಶಿಯಲ್ಲಿ ಬಹುಪಾಲು ಹೆಲ್ಮೆಟ್, ಪಾರ್ಕಿಂಗ್, ಸಿಗ್ನಲ್ ಕೇಸುಗಳೇ ತುಂಬಿದ್ದರೆ ಆ ಪಾದಚಾರಿಯ ಪಾಲಿಗೆ ಉಳಿಯುವುದು ಬಹಳ ಕಡಿಮೆ.

ಸಾವು ಎಲ್ಲಿದೆ

ಬೆಂಗಳೂರಿನ ಟ್ರಾಫಿಕ್ ಎಷ್ಟು ನಿಧಾನ ಅನ್ನುವುದು ಜಗತ್ತಿಗೇ ಗೊತ್ತು. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಇಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ ಬೇಕು. ಅಂದರೆ ಗಂಟೆಗೆ 18 ಕಿಲೋಮೀಟರ್‌ಗೂ ಕಡಿಮೆ. ಆ ವೇಗದಲ್ಲಿ ಗುದ್ದಿದರೆ ಬಂಪರ್ ನೆಗ್ಗುತ್ತದೆ, ಜಗಳವಾಗುತ್ತದೆ, ಸಾಮಾನ್ಯವಾಗಿ ಯಾರೂ ಸಾಯುವುದಿಲ್ಲ. ಹಾಗಾದರೆ ಆ 900 ಜನ ಎಲ್ಲಿ ಸತ್ತರು?

ದೊಡ್ಡ ಪಾಲು ಕತ್ತಲಾದ ಮೇಲೆ, ರಸ್ತೆ ಖಾಲಿಯಾದ ಮೇಲೆ. ಜಾಗ ನೋಡಿದರೆ ನಗರದ ಅಂಚಿನ ಅಗಲ ರಸ್ತೆಗಳು. ವಿಮಾನ ನಿಲ್ದಾಣಕ್ಕೆ ಹೋಗುವ ಬಳ್ಳಾರಿ ರಸ್ತೆ, ತುಮಕೂರು ರಸ್ತೆ, ಹೊಸೂರು ರಸ್ತೆ, ಹಳೆ ಮದ್ರಾಸ್ ರಸ್ತೆ, ನೈಸ್ ರಸ್ತೆ, ಹೊರ ವರ್ತುಲ ರಸ್ತೆ. ಹಗಲು ತೆವಳುವ ರಸ್ತೆಗಳೇ ರಾತ್ರಿ 11ರ ಮೇಲೆ ರೇಸ್ ಟ್ರ್ಯಾಕ್ ಆಗುತ್ತವೆ. ಲಾರಿ, ಟಿಪ್ಪರ್‌ಗಳಿಗೆ ಹಗಲು ನಿರ್ಬಂಧ ಇರುವುದರಿಂದ ಅವೂ ಅದೇ ಹೊತ್ತಿಗೆ ಒಳಗೆ ನುಗ್ಗುತ್ತವೆ. ಕೆಲಸ ಮುಗಿಸಿ ಮನೆಗೆ ಹೋಗುವ ಡೆಲಿವರಿ ಹುಡುಗರು, ಗಾರ್ಮೆಂಟ್ಸ್ ಮತ್ತು ಹೋಟೆಲ್ ಕೆಲಸದವರು ಇವುಗಳ ನಡುವೆ ಸಿಕ್ಕಿಬೀಳುತ್ತಾರೆ.

2021ರ ಆಗಸ್ಟ್ 31ರ ನಸುಕಿನಲ್ಲಿ ಕೋರಮಂಗಲದಲ್ಲಿ ಒಂದೇ ಕಾರಿನಲ್ಲಿದ್ದ 7 ಜನ ಸತ್ತರು. ಹೆದ್ದಾರಿಯಲ್ಲೂ ಅಲ್ಲ, ಮನೆ, ಅಂಗಡಿಗಳ ನಡುವಿನ 80 ಅಡಿ ರಸ್ತೆಯಲ್ಲಿ. ಹಗಲು ಹೊತ್ತು ಅದೇ ಜಾಗದಲ್ಲಿ ಕಾರು ಎರಡನೇ ಗೇರ್ ದಾಟುವುದೇ ಕಷ್ಟ.

ವೇಗದ ಲೆಕ್ಕ ಎಷ್ಟು ಕ್ರೂರ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ರಸ್ತೆಯ ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಾಗುವಂಥ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 50ರಲ್ಲಿ ಹೋಗುವ ಗಾಡಿಗಳು 55ರಲ್ಲಿ ಹೋದರೆ ಅಪಾಯ ಸುಮಾರು ಒಂದೂವರೆ ಪಟ್ಟು. ಓಡಿಸುವವನಿಗೆ ಆ 5 ಕಿಲೋಮೀಟರ್ ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ದೇಶದ ಲೆಕ್ಕದಲ್ಲಿ 2022ರ ರಸ್ತೆ ಸಾವುಗಳಲ್ಲಿ ಶೇ 70ಕ್ಕೂ ಹೆಚ್ಚು ಅತಿ ವೇಗದ ಖಾತೆಗೆ ಬರೆದಿದ್ದಾರೆ. ಈ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಕಾರಣ ಸರಿಯಾಗಿ ಗೊತ್ತಾಗದಿದ್ದಾಗ ಎಫ್‌ಐಆರ್‌ನಲ್ಲಿ 'ಅತಿ ವೇಗ ಮತ್ತು ಅಜಾಗರೂಕತೆ' ಎಂದು ಬರೆಯುವುದು ರೂಢಿ. ರಸ್ತೆಯ ದೋಷ ಅದರಡಿ ಮುಚ್ಚಿಹೋಗುತ್ತದೆ. ಆದರೂ ಅದರಲ್ಲಿ ಅರ್ಧವೇ ನಿಜ ಅಂದುಕೊಂಡರೂ ವೇಗವೇ ದೊಡ್ಡ ಕೊಲೆಗಾರ.

ಈಗ 50 ಜಂಕ್ಷನ್‌ಗಳಿಗೆ ಮತ್ತೆ ಬನ್ನಿ. ಜಂಕ್ಷನ್ ಅಂದರೆ ಗಾಡಿಗಳು ಹೇಗೂ ನಿಧಾನವಾಗುವ ಜಾಗ. ವೇಗ ಹಿಡಿಯುವ ಕ್ಯಾಮೆರಾ ಅಲ್ಲಿದ್ದು ಹೆಚ್ಚು ಉಪಯೋಗವಿಲ್ಲ. ಸಿಗ್ನಲ್ ಇಲ್ಲದ, ತಿರುವಿಲ್ಲದ ಉದ್ದ ರಸ್ತೆಯಲ್ಲಿ ಅದು ಬೇಕು. ಜನನಿಬಿಡ ಜಂಕ್ಷನ್‌ಗಳಲ್ಲಿ ಕ್ಯಾಮೆರಾ ಇಟ್ಟರೆ ಕೇಸು ಜಾಸ್ತಿ ಸಿಗುತ್ತವೆ, ಯಾಕೆಂದರೆ ಗಾಡಿಗಳು ಅಲ್ಲೇ ಜಾಸ್ತಿ. ಸಾವು ಆ ಲೆಕ್ಕಕ್ಕೆ ಬಗ್ಗುವುದಿಲ್ಲ.

ಪಕ್ಕದ ರಸ್ತೆಯಲ್ಲಿ ಆದದ್ದು

ಬೆಂಗಳೂರು–ಮೈಸೂರು ಹೆದ್ದಾರಿಯ ಕಥೆ ಕನ್ನಡಿಗರಿಗೆ ಹೊಸದೇನಲ್ಲ. ಆದರೆ ಅದನ್ನು ಪೊಲೀಸ್ ಕ್ರಮದ ಪರೀಕ್ಷೆಯಾಗಿ ಯಾರೂ ಸರಿಯಾಗಿ ಓದಿಲ್ಲ ಅನ್ನಿಸುತ್ತದೆ.

2023ರ ಮಾರ್ಚ್ 12ರಂದು ಪ್ರಧಾನಿ ಮಂಡ್ಯ ಜಿಲ್ಲೆಯಲ್ಲಿ ಈ ರಸ್ತೆ ಉದ್ಘಾಟಿಸಿದರು. 118 ಕಿಲೋಮೀಟರ್, ನಡುವೆ 6 ಪಥ. ಕಾರುಗಳು 140, 150ರಲ್ಲಿ ಹಾರತೊಡಗಿದವು. ಆ ವರ್ಷದ ಮೇ ತಿಂಗಳಲ್ಲಿ 29 ಜನ ಸತ್ತರು. ಜೂನ್‌ನಲ್ಲಿ 28. ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ರಸ್ತೆಗಿಳಿದರು. ಸ್ಪೀಡ್ ರಾಡಾರ್ ಗನ್ ಹಿಡಿದ ಪೊಲೀಸರು ಹೆದ್ದಾರಿಯಲ್ಲಿ ನಿಂತರು. ಕಾರಿಗೆ 100 ಮಿತಿ, ದಾಟಿದರೆ ದಂಡ. ಜುಲೈನಲ್ಲಿ ಸತ್ತವರು 8.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ತೆಗೆದುಹಾಕಿದ್ದರಿಂದ ಸಾವು ಇಳಿಯಿತಲ್ಲವೇ? ಆ ನಿಷೇಧ ಜಾರಿಗೆ ಬಂದದ್ದು ಆಗಸ್ಟ್ 1ರಂದು. ಜುಲೈ ಇಳಿಕೆ ಅದಕ್ಕಿಂತ ಮುಂಚಿನದು. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅತಿ ಕೆಟ್ಟ ತಿಂಗಳ ನಂತರ ಸಂಖ್ಯೆ ತಾನಾಗಿಯೇ ಸ್ವಲ್ಪ ಇಳಿಯುವುದುಂಟು. ಒಂದು ತಿಂಗಳ ಅಂಕಿ ನೋಡಿ ಕುಣಿಯಬಾರದು. ಆದರೆ ಇಳಿಕೆ ಉಳಿಯಿತು. ವೇಗ ಹಿಡಿಯುವ ಕ್ಯಾಮೆರಾಗಳೂ ಬಂದವು. 2023ರ ಇಡೀ ವರ್ಷ 188 ಜನ ಸತ್ತಿದ್ದ ರಸ್ತೆಯಲ್ಲಿ 2024ರಲ್ಲಿ ಸತ್ತವರು 50. ಇದರಲ್ಲಿ ಬೇಲಿ, ಬೈಕ್ ನಿಷೇಧ, ರಸ್ತೆ ರಿಪೇರಿ ಎಲ್ಲದರ ಪಾಲೂ ಇದೆ. ಪೊಲೀಸರಿಗೇ ಪೂರ್ತಿ ಶ್ರೇಯ ಕೊಡಲಾಗದು. ಆದರೆ ಮೊದಲ ಇಳಿಕೆ ರಾಡಾರ್ ಗನ್ ಜೊತೆಗೇ ಬಂತು ಅನ್ನುವುದನ್ನು ಅಲ್ಲಗಳೆಯಲೂ ಆಗದು.

ಗಮನಿಸಿ, ಅಲ್ಲಿಗೂ ಅದೇ ಮೋಟಾರು ವಾಹನ ಕಾಯ್ದೆ. ಅದೇ ರಾಜ್ಯದ ಪೊಲೀಸ್. ಅದೇ ಜನ, ಬೆಳಿಗ್ಗೆ ಬೆಂಗಳೂರಿನಲ್ಲಿ ಓಡಿಸಿದವರೇ ಮಧ್ಯಾಹ್ನ ಅಲ್ಲಿ ಓಡಿಸುತ್ತಾರೆ. 'ನಮ್ಮ ಜನಕ್ಕೆ ಶಿಸ್ತಿಲ್ಲ' ಅನ್ನುವ ಮಾತು ಅಲ್ಲಿ ಬಿದ್ದುಹೋಯಿತು. ಯಾವ ತಪ್ಪು ಕೊಲ್ಲುತ್ತಿದೆಯೋ ಅದನ್ನೇ, ಅದು ನಡೆಯುವ ಜಾಗದಲ್ಲೇ ಹಿಡಿದರು. ಓಡಿಸುವವನಿಗೆ ಸಿಕ್ಕಿಬೀಳುವ ಭಯ ನಿಜವಾಯಿತು.

ಶುಕ್ರವಾರ ರಾತ್ರಿ ಅದೇ ಜಾಗ

ಕುಡಿದು ಓಡಿಸುವುದು ಎರಡನೇ ಕೊಲೆಗಾರ. ಸರ್ಕಾರಿ ಅಂಕಿಗಳಲ್ಲಿ ಇದರ ಪಾಲು ತೀರಾ ಸಣ್ಣದಾಗಿ ಕಾಣುತ್ತದೆ, ಏಕೆಂದರೆ ಸತ್ತವರ, ಗುದ್ದಿದವರ ರಕ್ತ ಪರೀಕ್ಷೆ ಎಲ್ಲ ಪ್ರಕರಣದಲ್ಲೂ ಆಗುವುದಿಲ್ಲ. ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ವಾರಾಂತ್ಯದ ರಾತ್ರಿ ಕೆಲಸ ಮಾಡುವ ಯಾರನ್ನಾದರೂ ಕೇಳಿ, ಆ ಅಂಕಿಯನ್ನು ಅವರು ನಂಬುವುದಿಲ್ಲ.

ಕಾನೂನು ಗಟ್ಟಿಯಾಗಿಯೇ ಇದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಗಾಡಿ ಠಾಣೆಗೆ, ಕೇಸು ಕೋರ್ಟಿಗೆ. ಬೆಂಗಳೂರಿನಲ್ಲಿ ಜನ ನಿಜವಾಗಿ ಹೆದರುವ ಟ್ರಾಫಿಕ್ ಕೇಸು ಅಂದರೆ ಇದೊಂದೇ. ಕೊರೊನಾ ಬಂದಾಗ ಊದಿಸುವ ಯಂತ್ರದಿಂದ ಸೋಂಕು ಹರಡೀತು ಎಂದು ತಪಾಸಣೆ ನಿಲ್ಲಿಸಿದ್ದರು, ಆಮೇಲೆ ಮತ್ತೆ ಶುರುವಾಯಿತು.

ಸಮಸ್ಯೆ ಎಂದರೆ ತಪಾಸಣೆ ಎಲ್ಲಿ ನಡೆಯುತ್ತದೆ ಅನ್ನುವುದು ಕುಡಿಯುವವರಿಗೆಲ್ಲ ಗೊತ್ತು. ವಾರಾಂತ್ಯ, ಪಬ್‌ಗಳು ಮುಚ್ಚುವ ಹೊತ್ತು, ಗೊತ್ತಿರುವ ನಾಲ್ಕಾರು ರಸ್ತೆಗಳು. ವಾಟ್ಸಾಪ್ ಗುಂಪಿನಲ್ಲಿ 'ಫ್ಲೈಓವರ್ ಕೆಳಗೆ ಚೆಕಿಂಗ್ ಇದೆ' ಅಂತ ಸಂದೇಶ ಬರುತ್ತದೆ. ಹಿಂದಿನ ಕ್ರಾಸ್ ಹಿಡಿದರೆ ಆಯಿತು.

ಇದೇ ಸಮಸ್ಯೆಗೆ ರಾಜಸ್ಥಾನದಲ್ಲಿ ಅಚ್ಚುಕಟ್ಟಾದ ಪರೀಕ್ಷೆಯೊಂದು ನಡೆದಿದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ, ಡೇನಿಯಲ್ ಕೆನಿಸ್ಟನ್, ಅವರ ಜೊತೆ ಅಲ್ಲಿನ ಐಪಿಎಸ್ ಅಧಿಕಾರಿ ನೀನಾ ಸಿಂಗ್ ಸೇರಿ ರಾಜ್ಯ ಪೊಲೀಸರೊಂದಿಗೆ ಇದನ್ನು ಮಾಡಿದರು. ಪೊಲೀಸ್ ಠಾಣೆಗಳನ್ನು ಚೀಟಿ ಎತ್ತಿದಂತೆ ಗುಂಪು ಮಾಡಿದರು. ಕೆಲವು ಠಾಣೆಗಳಲ್ಲಿ ಕುಡಿದು ಓಡಿಸುವವರ ತಪಾಸಣೆ ಪ್ರತಿ ಸಲ ಒಂದೇ ಜಾಗದಲ್ಲಿ, ಅದೂ ಅತ್ಯಂತ ಸೂಕ್ತ ಎನಿಸಿದ ಜಾಗದಲ್ಲಿ. ಇನ್ನು ಕೆಲವು ಠಾಣೆಗಳಲ್ಲಿ ಮೂರು ಜಾಗಗಳ ನಡುವೆ ಬದಲಾಯಿಸುತ್ತ. ಉಳಿದ ಠಾಣೆಗಳಲ್ಲಿ ಎಂದಿನಂತೆ. ಒಂದೇ ಜಾಗದಲ್ಲಿ ನಿಂತ ಕಡೆ ಹೇಳಿಕೊಳ್ಳುವ ಪರಿಣಾಮ ಕಾಣಲಿಲ್ಲ. ಜಾಗ ಬದಲಿಸಿದ ಕಡೆ ರಾತ್ರಿ ಅಪಘಾತ ಶೇ 17ರಷ್ಟು, ರಾತ್ರಿ ಸಾವು ಶೇ 25ರಷ್ಟು ಇಳಿದವು. ತಪಾಸಣೆ ನಿಂತ ಮೇಲೂ ಸ್ವಲ್ಪ ಕಾಲ ಆ ಪರಿಣಾಮ ಉಳಿಯಿತು. ಪಕ್ಕದ ದಾರಿ ಹಿಡಿದರೂ ತಪ್ಪಿಸಿಕೊಳ್ಳಲಾಗದು ಎಂದಾದಾಗ ಜನ ಕುಡಿದು ಗಾಡಿ ಹತ್ತುವುದನ್ನೇ ಕಡಿಮೆ ಮಾಡಿದರು.

ಆ ಪ್ರಯೋಗದ ಇನ್ನೊಂದು ಭಾಗ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಠಾಣೆಯ ಸಿಬ್ಬಂದಿಗೆ ಹತ್ತು ಕೆಲಸದ ಜೊತೆ ಇದನ್ನೂ ವಹಿಸುವ ಬದಲು, ಮೀಸಲು ಪೊಲೀಸ್ ಲೈನ್‌ನಿಂದ ಇದಕ್ಕಾಗಿಯೇ ಬಂದ ತಂಡಗಳು ಚೆನ್ನಾಗಿ ಕೆಲಸ ಮಾಡಿದವು. ಅವರ ವಾಹನಗಳಿಗೆ ಜಿಪಿಎಸ್ ಇತ್ತು, ಹೇಳಿದ ಜಾಗಕ್ಕೆ ಹೋಗಿದ್ದಾರಾ ಎಂದು ನೋಡುತ್ತಿದ್ದರು. ಬೆಂಗಳೂರಿನಲ್ಲಿ ಸಂಚಾರ ಪೊಲೀಸರಿಗೆ ವಿಐಪಿ ಬಂದೋಬಸ್ತ್, ಮೆರವಣಿಗೆ, ಮಳೆ ಬಂದಾಗ ಕೆಳಸೇತುವೆ ನೀರು, ಎಲ್ಲವೂ ಇದೆ. ರಾತ್ರಿ 2 ಗಂಟೆಗೆ ಪೀಣ್ಯದಲ್ಲಿ ನಿಲ್ಲಲು ಯಾರು ಉಳಿದಿರುತ್ತಾರೆ?

ಹೊತ್ತು ಬದಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಬೆಂಗಳೂರಿನಲ್ಲೇ ಒಂದು ಉದಾಹರಣೆ ಇದೆ. 2024ರಲ್ಲಿ ಪೊಲೀಸರು ಬೆಳಿಗ್ಗೆ ಹೊತ್ತು ಶಾಲಾ ವಾಹನಗಳ ಚಾಲಕರನ್ನು ಊದಿಸಿ ನೋಡಿದರು. ಮಕ್ಕಳನ್ನು ಕೂರಿಸಿಕೊಂಡ ಕೆಲವು ಚಾಲಕರು ಕುಡಿದಿದ್ದು ಸಿಕ್ಕಿತು. ಬೆಳಿಗ್ಗೆ ಯಾರೂ ಹುಡುಕುವುದಿಲ್ಲ ಅನ್ನುವ ನಂಬಿಕೆ ಅವರಿಗಿತ್ತು.

ಅರ್ಧ ಬೆಲೆಯ ದಂಡ

ದಂಡದ ಮೊತ್ತ ಏರಿಸಿದರೆ ಸಾಕು ಎಂದು ದೆಹಲಿಯಲ್ಲಿ 2019ರಲ್ಲಿ ಅಂದುಕೊಂಡರು. ಹೆಲ್ಮೆಟ್ ಇಲ್ಲದ್ದಕ್ಕೆ 100 ಇದ್ದದ್ದು 1,000 ಆಯಿತು. ಜನ ಗಲಾಟೆ ಮಾಡಿದ ಮೇಲೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ಮೊತ್ತದ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ದಿನಕ್ಕೆ ಏಳೆಂಟು ನೂರು ದುಡಿಯುವ ಡೆಲಿವರಿ ಹುಡುಗನಿಗೆ 500 ಸಣ್ಣ ದುಡ್ಡಲ್ಲ. ಆದರೆ ದಂಡ ಬಿದ್ದ ಮೇಲೆ ಏನಾಗುತ್ತದೆ ಅನ್ನುವುದರಲ್ಲಿ ಇಡೀ ವ್ಯವಸ್ಥೆ ಸೋಲುತ್ತದೆ.

ಚಲನ್ ಬರುತ್ತದೆ. ಕಟ್ಟದಿದ್ದರೆ ತಕ್ಷಣಕ್ಕೆ ಏನೂ ಆಗುವುದಿಲ್ಲ. ಗಾಡಿ ನಿಲ್ಲಿಸುವುದು ಕಡಿಮೆಯಾದ ಮೇಲೆ ಕೇಳುವವರೂ ಕಡಿಮೆ. ಬಾಕಿ ಬೆಳೆಯುತ್ತದೆ. ಗಾಡಿಯ ಬೆಲೆಗಿಂತ ದಂಡವೇ ಜಾಸ್ತಿಯಾದ ಸ್ಕೂಟರ್‌ಗಳ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಆ ಸವಾರ ನೂರಾರು ಸಲ ಸಿಕ್ಕಿಬಿದ್ದಿದ್ದಾನೆ, ಒಂದು ಸಲವೂ ನಿಂತಿಲ್ಲ. ಆಮೇಲೆ ರಿಯಾಯಿತಿ ಬರುತ್ತದೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಒಂಬತ್ತು ದಿನದಲ್ಲಿ ಬೆಂಗಳೂರೊಂದರಲ್ಲೇ ಸುಮಾರು 120 ಕೋಟಿ ರೂಪಾಯಿ ಬಂತು. 41 ಲಕ್ಷದಷ್ಟು ಕೇಸು ಮುಗಿದವು. ಒಂದು ಕೇಸಿಗೆ ಸರಾಸರಿ 300 ರೂಪಾಯಿಗೂ ಕಡಿಮೆ. 2025ರಲ್ಲಿ ಮತ್ತೆ ರಿಯಾಯಿತಿ, ಮತ್ತೆ 100 ಕೋಟಿ ದಾಟಿದ ವಸೂಲಿ. ಟಿವಿಯಲ್ಲಿ ಇದನ್ನು ಯಶಸ್ಸು ಎಂದರು.

ಖಜಾನೆಗೆ ಯಶಸ್ಸೇ ಇರಬಹುದು. ರಸ್ತೆಗೆ ಅಲ್ಲ. ತಪ್ಪು ಮಾಡಿದಾಗ ದಂಡ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಷ್ಟು ಖಚಿತ, ಎಷ್ಟು ಬೇಗ ಅನ್ನುವುದು ಜನರ ನಡತೆ ಬದಲಿಸುತ್ತದೆ. ಎರಡು ವರ್ಷ ಕಾದರೆ ಅರ್ಧ ಬೆಲೆಗೆ ಮುಗಿಯುತ್ತದೆ ಎಂದು ಸರ್ಕಾರವೇ ಕಲಿಸಿದರೆ, ಸಮಯಕ್ಕೆ ಸರಿಯಾಗಿ ಕಟ್ಟಿದವನು ಏನಂದುಕೊಳ್ಳಬೇಕು?

ಪೊಲೀಸರಿಂದ ಆಗದ್ದು

ಎಲ್ಲವನ್ನೂ ಪೊಲೀಸರ ತಲೆಗೆ ಕಟ್ಟುವುದು ಅನ್ಯಾಯ. ಫುಟ್‌ಪಾತ್ ಇಲ್ಲದ ಕಡೆ ಜನ ರಸ್ತೆಗೆ ಇಳಿದು ನಡೆಯುತ್ತಾರೆ. ಸರ್ವಿಸ್ ರಸ್ತೆ ಒಂದೂವರೆ ಕಿಲೋಮೀಟರ್ ಸುತ್ತು ಹಾಕಿಸಿದರೆ ಬೈಕಿನವರು ಒನ್ ವೇನಲ್ಲಿ ಎದುರು ಬರುತ್ತಾರೆ. ಮೀಡಿಯನ್ ತುದಿಗೆ ಬಣ್ಣ, ಪ್ರತಿಫಲಕ ಇಲ್ಲದಿದ್ದರೆ ರಾತ್ರಿ ಕಾರು ಅದರ ಮೇಲೆ ಹತ್ತುತ್ತದೆ. ಇದು ಪಾಲಿಕೆ, ಹೆದ್ದಾರಿ ಪ್ರಾಧಿಕಾರದ ಕೆಲಸ. ಸ್ಕೈವಾಕ್ ಕಟ್ಟಿದೆವು, ಹತ್ತದಿದ್ದರೆ ನಿಮ್ಮ ತಪ್ಪು ಅನ್ನುವ ಧೋರಣೆಯೂ ನನಗೆ ಹಿಡಿಸುವುದಿಲ್ಲ. ಮೊಣಕಾಲು ನೋವಿನ ಹೆಂಗಸು ತರಕಾರಿ ಚೀಲ ಹಿಡಿದು 50 ಮೆಟ್ಟಿಲು ಹತ್ತುವುದಿಲ್ಲ.

ಆದರೆ ಪೊಲೀಸರ ಕೈಯಲ್ಲಿ ನಾಳೆಯೇ ಮಾಡಬಹುದಾದದ್ದು ಇದೆ. ಸಾವಿನ ಪ್ರತಿ ಎಫ್‌ಐಆರ್‌ನಲ್ಲಿ ಜಾಗ, ಗಂಟೆ ಇರುತ್ತದೆ. ಪ್ರತಿ ಚಲನ್‌ನಲ್ಲೂ ಇರುತ್ತದೆ. ಎರಡೂ ಅವರ ಬಳಿಯೇ ಇವೆ. ಠಾಣೆವಾರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಪ್ರತಿ ತಿಂಗಳು ಪ್ರಕಟಿಸಲಿ. ಇನ್ಸ್‌ಪೆಕ್ಟರ್‌ಗಳ ಕೆಲಸ ಅಳೆಯುವಾಗ ಎಷ್ಟು ಕೇಸು ಹಾಕಿದಿರಿ ಎಂದು ಕೇಳುವ ಬದಲು, ಸಾವಾದ ರಸ್ತೆಯಲ್ಲಿ, ಸಾವಾದ ಹೊತ್ತಿನಲ್ಲಿ ಎಷ್ಟು ಸಲ ನಿಂತಿರಿ ಎಂದು ಕೇಳಲಿ. ಎರಡು ಕ್ಯಾಮೆರಾಗಳ ನಡುವಿನ ದೂರ, ಸಮಯ ಅಳೆದು ಸರಾಸರಿ ವೇಗ ಹಿಡಿಯುವ ವ್ಯವಸ್ಥೆ ತಂದರೆ, ಕಂಬ ಕಂಡಾಗ ಬ್ರೇಕ್ ಒತ್ತಿ ದಾಟಿದ ಮೇಲೆ ಮತ್ತೆ ಆಕ್ಸಿಲರೇಟರ್ ಒತ್ತುವ ಆಟವೂ ನಿಲ್ಲುತ್ತದೆ.

ಶುರು ಮಾಡಲು ಒಂದೇ ರಸ್ತೆ ಸಾಕು. ಬಳ್ಳಾರಿ ರಸ್ತೆ, ಹೆಬ್ಬಾಳದಿಂದ ಸಾದಹಳ್ಳಿ ಟೋಲ್‌ವರೆಗೆ. ರಾತ್ರಿ 10ರಿಂದ ಬೆಳಿಗ್ಗೆ 5. ಅದಕ್ಕೆಂದೇ ಒಂದು ತಂಡ, ವೇಗ ಅಳೆಯುವ ಗನ್, ಊದಿಸುವ ಯಂತ್ರ, ದಿನಕ್ಕೊಂದು ಜಾಗ, ಮುಂಚೆ ಯಾರಿಗೂ ಹೇಳದೆ. ಆರು ತಿಂಗಳು ಮಾಡಿ, ಹಿಂದಿನ ವರ್ಷದ ಅದೇ ಆರು ತಿಂಗಳ ಸಾವಿನ ಪಕ್ಕದಲ್ಲಿ, ಏನೂ ಮಾಡದ ತುಮಕೂರು ರಸ್ತೆಯ ಪಕ್ಕದಲ್ಲಿ ಇಟ್ಟು ತೋರಿಸಲಿ. ಸಾವು ಇಳಿದರೆ ಮುಂದಿನ ಆರು ತಿಂಗಳು ತಂಡ ತುಮಕೂರು ರಸ್ತೆಗೆ ಹೋಗಲಿ.